ಕೈತೋಟದ ನಲ್ಲಿ: ಸೋರಿದ ಮೇಲೂ ಕೈಹಿಡಿಯುವುದು ಯಾವುದು?

ಹಾರ್ಡ್‌ವೇರ್ ಅಂಗಡಿಗೆ ಹೋಗಿ ‘ತೋಟಕ್ಕೊಂದು ಅರ್ಧ ಇಂಚಿನ ನಲ್ಲಿ ಕೊಡಿ’ ಎಂದರೆ ಕೌಂಟರಿನ ಮೇಲೆ ನಾಲ್ಕು ಬಗೆ ಬಂದು ಕೂರುತ್ತವೆ. ತಿರುಪಿನ ಹಿತ್ತಾಳೆ ನಲ್ಲಿ, ಲಿವರ್ ಇರುವ ಬಾಲ್ ನಲ್ಲಿ, ಪಿಟಿಎಂಟಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು, ಕೊನೆಗೆ ಸ್ನಾನದ ಮನೆಗೆಂದು ಮಾಡಿದ ಫಳಫಳ ಹೊಳೆಯುವ ಕ್ವಾರ್ಟರ್ ಟರ್ನ್. ಹೊಸದಿದ್ದಾಗ ನಾಲ್ಕೂ ನೀರನ್ನು ಚೆನ್ನಾಗಿಯೇ ತಡೆಯುತ್ತವೆ. ಹಾಗಾಗಿ ನಾವು ಇವನ್ನು ತೂಗಿ ನೋಡಿರುವುದು ಬೇರೆ ಲೆಕ್ಕದಲ್ಲಿ: ಸೋರಲು ಶುರುವಾದ ಮೇಲೆ ಯಾವುದನ್ನು ಮನೆಯಲ್ಲೇ ಸರಿಮಾಡಬಹುದು, ಯಾವುದನ್ನು ಗುಜರಿಗೆ ಹಾಕಬೇಕು.

ಹೊರಗಿನ ನಲ್ಲಿ ಒಂದಲ್ಲ ಒಂದು ದಿನ ಸೋರುತ್ತದೆ. ಮನೆಯ ನಲ್ಲಿಗಳಲ್ಲೆಲ್ಲ ಸಾಮಾನ್ಯವಾಗಿ ಅದೇ ಅತಿ ತಗ್ಗಿನಲ್ಲಿರುವುದು. ಟ್ಯಾಂಕಿನ ನೀರು 10 ಮೀಟರ್ ಎತ್ತರದಲ್ಲಿದ್ದರೆ ಕೆಳಗಿನ ನಲ್ಲಿಯ ಮೇಲೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಬೀಳುತ್ತದೆ. ಮೇಲಿನ ಮಹಡಿಯ ನಲ್ಲಿಗೆ ಅದರ ಒಂದು ಪಾಲು ಮಾತ್ರ. ಜೊತೆಗೆ ಬಿಸಿಲು, ಬೋರ್‌ವೆಲ್ಲಿನ ಮರಳು, ಗಡಸು ನೀರಿನ ಸುಣ್ಣ, ಹೋಸ್ ಪೈಪನ್ನು ಗಿಡದಿಂದ ಗಿಡಕ್ಕೆ ಎಳೆಯುವಾಗಿನ ಜಗ್ಗಾಟ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತ್ತು. ಅಂಥ ಹೊತ್ತಿನಲ್ಲಿ ತೋಟದ ಲೈನನ್ನು ಬೋರ್‌ವೆಲ್ಲಿಗೋ ಮರುಬಳಕೆ ನೀರಿಗೋ ಬದಲಿಸುವವರು ಒಂದು ಮಾತು ನೆನಪಿಡಬೇಕು: ನೀರು ಬದಲಾದರೆ ನಲ್ಲಿಯ ಆಯ್ಕೆಯೂ ಬದಲಾಗುತ್ತದೆ.

ಕೊಳ್ಳುವ ಮೊದಲು ಈಗಿನದು ಎಲ್ಲಿ ಸೋರುತ್ತಿದೆ ಎಂದು ಪತ್ತೆ ಮಾಡಿ. ಎಷ್ಟೋ ಸಲ ನಲ್ಲಿಯದು ತಪ್ಪೇ ಇರುವುದಿಲ್ಲ. ನಲ್ಲಿ, ಎಲ್ಬೋ (ನಲ್ಲಿ ಕೂರುವ, ಮೊಣಕೈಯಂತೆ ಬಾಗಿದ ಪೈಪಿನ ತುಂಡು), ಗೋಡೆ ಎಲ್ಲವನ್ನೂ ಒಣಬಟ್ಟೆಯಲ್ಲಿ ಒರೆಸಿ, ಮೂರು ಕಡೆ ಟಿಶ್ಯೂ ಕಾಗದ ಸುತ್ತಿ: ಹಿಡಿಯ ಬುಡಕ್ಕೆ, ನಲ್ಲಿ ಗೋಡೆಗೆ ಸೇರುವಲ್ಲಿಗೆ, ಬಾಯಿಗೆ. ಹತ್ತು ನಿಮಿಷ ಮುಚ್ಚಿಟ್ಟು ನೋಡಿ, ಆಮೇಲೆ ತೆರೆದು ಬಿಟ್ಟು ನೋಡಿ. ಮುಚ್ಚಿದಾಗ ಬಾಯಿಯಿಂದ ಹನಿ ಬಂದರೆ ವಾಷರ್ ಅಥವಾ ಸೀಟು (ವಾಷರ್ ಒತ್ತಿ ಕೂರುವ ಅಂಚು) ಸವೆದಿದೆ. ತಿರುಪಿನ ನಲ್ಲಿಯಲ್ಲಿ ನೀರು ಬಿಟ್ಟಾಗ ಮಾತ್ರ ಹಿಡಿಯ ಬುಡ ಒದ್ದೆಯಾದರೆ ಗ್ಲ್ಯಾಂಡ್ (ಹಿಡಿಯ ಕಡ್ಡಿಯ ಸುತ್ತ ನೀರು ತಡೆಯುವ ಭಾಗ) ಸಡಿಲ. ತೆರೆದರೂ ಮುಚ್ಚಿದರೂ ಗೋಡೆಯ ಬದಿ ಒದ್ದೆಯಾಗುತ್ತಿದ್ದರೆ ಥ್ರೆಡ್ಡಿನ ಜಾಯಿಂಟು. ನಷ್ಟ ಎಷ್ಟು ಎಂದು ತಿಳಿಯಲು ಬಾಯಿಯ ಕೆಳಗೆ ಒಂದು ಲೀಟರಿನ ಬಾಟಲಿ ಇಡಿ. ಗಂಟೆಗೆ ಅದು ತುಂಬಿದರೆ ದಿನಕ್ಕೆ 24 ಲೀಟರ್ ಹೋಗುತ್ತಿದೆ ಎಂದಾಯಿತು.

ಇನ್ನು ನಲ್ಲಿಗಳ ವಿಷಯ. ನಮ್ಮ ಮೊದಲ ಮತ ತಿರುಪಿನ ಹಿತ್ತಾಳೆ ನಲ್ಲಿಗೆ, ಅದೂ ತೂಕದ್ದಕ್ಕೆ. ಐಎಸ್ 781 ಎಂಬ ಭಾರತೀಯ ಮಾನದಂಡದ ಪ್ರಕಾರ 15 ಮಿ.ಮೀ. (ಅಂದರೆ ಅರ್ಧ ಇಂಚಿನ) ನಲ್ಲಿ ಕನಿಷ್ಠ 400 ಗ್ರಾಂ ತೂಗಬೇಕು. ಅಂಗಡಿಯವರ ತಕ್ಕಡಿಯಲ್ಲೇ ಇಟ್ಟು ನೋಡಿ, ಅವರೇನೂ ಬೇಸರಿಸುವುದಿಲ್ಲ. ಥ್ರೆಡ್ಡಿನ ಒಳಬದಿಯನ್ನು ಬೀಗದ ಕೈಯಿಂದ ಸ್ವಲ್ಪ ಗೀರಿದರೆ ಹಳದಿ ಕಾಣಬೇಕು. ಬೂದು ಬಣ್ಣ ಕಂಡರೆ ಅದು ಸತುವಿನ ಮಿಶ್ರಲೋಹ, ಮೇಲೆ ಬರೀ ಲೇಪನ. ಅದಕ್ಕೆ ಹಿತ್ತಾಳೆಯ ದುಡ್ಡು ಕೊಡಬೇಡಿ.

ಈ ನಲ್ಲಿಯ ದೊಡ್ಡ ಗುಣವೆಂದರೆ ಒಳಗಿನ ಪ್ರತಿಯೊಂದು ಭಾಗವೂ ಬಿಚ್ಚಿ ಹಾಕುವಂಥದ್ದು. ವಾಷರ್ ಬದಲಿಸಲು ಮೊದಲು ಟ್ಯಾಂಕಿನ ಬುಡದ ಗೇಟ್ ವಾಲ್ವ್ ಮುಚ್ಚಿ, ನಲ್ಲಿ ಬಿಟ್ಟು ಪೈಪು ಖಾಲಿ ಮಾಡಿ. ನಲ್ಲಿಯನ್ನು ಅರ್ಧ ತೆರೆದ ಸ್ಥಿತಿಯಲ್ಲೇ ಬಿಡಿ. ಮುಚ್ಚಿಟ್ಟು ಬಿಚ್ಚಿದರೆ ವಾಷರ್ ಸೀಟಿಗೆ ಒತ್ತಿಕೊಂಡು ಒಳಗಿನ ತಿರುಪು ಹಾಳಾಗುತ್ತದೆ. ಒಂದು ಪೈಪ್ ರೆಂಚಿನಿಂದ ನಲ್ಲಿಯ ಮೈ ಹಿಡಿದು, ಇನ್ನೊಂದು ಸ್ಪ್ಯಾನರಿನಿಂದ ಮೇಲಿನ ತಲೆ ಬಿಚ್ಚಬೇಕು. ಒಂದೇ ಕೈಯಲ್ಲಿ ಬಿಚ್ಚಲು ಹೋದರೆ ಆ ಬಲವೆಲ್ಲ ಗೋಡೆಯೊಳಗಿನ ಎಲ್ಬೋ ಮೇಲೆ ಬೀಳುತ್ತದೆ. ಹತ್ತು ರೂಪಾಯಿಯ ಕೆಲಸ ಗೋಡೆ ಒಡೆಸುವ ಕೆಲಸವಾಗುವುದು ಇಲ್ಲಿಯೇ.

ಹೊರಬಂದ ವಾಷರನ್ನು ಬಿಸಾಡುವ ಮುನ್ನ ಬೆಳಕಿಗೆ ಹಿಡಿದು ನೋಡಿ. ಸೀಟು ಚೆನ್ನಾಗಿದ್ದರೆ ವಾಷರಿನ ಮೇಲೆ ಒಂದೇ ಆಳದ ಉಂಗುರದ ಗುರುತು ಇರುತ್ತದೆ. ಉಂಗುರ ಒಂದು ಕಡೆ ಮಾತ್ರ ಕತ್ತರಿಸಿದ್ದರೆ, ಆ ಜಾಗದಲ್ಲಿ ಸೀಟಿನ ಅಂಚು ಚುರುಕಾಗಿದೆ ಅಥವಾ ಸುಣ್ಣದ ಕಾಳು ಅಂಟಿಕೊಂಡಿದೆ. ಕಿರುಬೆರಳನ್ನು ಒಳಗೆ ಹಾಕಿ ಸೀಟಿನ ಸುತ್ತ ಆಡಿಸಿ. ಕಾಳು ಸಿಕ್ಕರೆ ವಿನೆಗರ್ ನೆನೆಸಿದ ಬಟ್ಟೆಯ ಚೂರು ಸ್ವಲ್ಪ ಹೊತ್ತು ಇಟ್ಟು ಉಜ್ಜಿ. ಹಳ್ಳವೇ ಬಿದ್ದಿದ್ದರೆ ಸೀಟು ಉಜ್ಜುವ ಕಟರ್ ಇರುವ ಪ್ಲಂಬರನ್ನು ಕರೆಯಿರಿ. ಹಾಗೇ ಹೊಸ ವಾಷರ್ ಹಾಕಿದರೆ ಅದೂ ಬೇಗನೆ ಅದೇ ಜಾಗದಲ್ಲಿ ತುಂಡಾಗುತ್ತದೆ. ವಾಷರಿನ ಅಳತೆಯಲ್ಲಿ ಕಂಪನಿಯಿಂದ ಕಂಪನಿಗೆ ವ್ಯತ್ಯಾಸವಿದೆ, ಹಳೆಯದನ್ನು ಅಂಗಡಿಗೆ ಒಯ್ಯುವುದೇ ಸರಿ. ತಲೆ ಮತ್ತೆ ಕೂರಿಸುವ ಮುನ್ನ ವಾಲ್ವನ್ನು ಒಂದು ಕ್ಷಣ ತೆರೆದು ಒಳಗಿನ ಮರಳನ್ನು ತೊಳೆದು ಬಿಡಿ.

ಹಿಡಿಯ ಬುಡದ ಸೋರಿಕೆ ಇನ್ನೂ ಸುಲಭ. ಗ್ಲ್ಯಾಂಡ್ ನಟ್ಟನ್ನು ಸುತ್ತಿನ ಎಂಟನೇ ಒಂದು ಪಾಲಿನಷ್ಟು ಬಿಗಿ ಮಾಡಿ ನೋಡಿ. ನಿಲ್ಲದಿದ್ದರೆ ವಾಲ್ವ್ ಮುಚ್ಚಿ ನಟ್ ಬಿಚ್ಚಿ, ಟೆಫ್ಲಾನ್ ಟೇಪನ್ನು ದಾರದಂತೆ ಹೊಸೆದು ಸ್ಪಿಂಡಲಿಗೆ (ಹಿಡಿ ಕೂರುವ ಕಡ್ಡಿಗೆ) ಮೂರು ನಾಲ್ಕು ಸುತ್ತು ಹಾಕಿ ನಟ್ ಕೂರಿಸಿ. ಹಿಡಿ ತಿರುಗಿಸಲು ಬಿಗಿಯಾದರೆ ಅತಿಯಾಯಿತು ಎಂದರ್ಥ.

ಲಿವರ್ ನಲ್ಲಿ ಬಳಸಲು ಬಲು ಹಾಯಿ. ಕಾಲು ಸುತ್ತಿಗೆ ಪೂರ್ತಿ ನೀರು, ಮಣ್ಣುಕೈಯಲ್ಲೂ ತಿರುಗಿಸಬಹುದು, ಕೆಲವಕ್ಕೆ ಬೀಗ ಹಾಕುವ ತೂತೂ ಇರುತ್ತದೆ. ಒಳಗೆ ಒಂದು ಗುಂಡು, ಅದರ ಎರಡೂ ಬದಿಗೆ ಟೆಫ್ಲಾನ್ ಉಂಗುರ, ಇಷ್ಟೇ. ತಿಳಿ ನೀರಿದ್ದರೆ ವರ್ಷಗಟ್ಟಲೆ ತಂಟೆಯಿಲ್ಲ. ಮರಳು ಬರುವ ಬೋರ್‌ವೆಲ್ ಲೈನಿನಲ್ಲಿ ಮಾತ್ರ ಒಂದೊಂದು ಸಲ ತಿರುಗಿಸಿದಾಗಲೂ ಕಾಳುಗಳು ಗುಂಡಿಗೂ ಉಂಗುರಕ್ಕೂ ಗೀರು ಹಾಕುತ್ತವೆ. ಗೀರು ಬಿದ್ದು ಬಾಯಿಂದ ಹನಿ ಶುರುವಾದರೆ ರಿಪೇರಿ ಮರೆತುಬಿಡಿ, ಬಿಡಿಭಾಗ ಸಿಗುವುದಿಲ್ಲ. ಅರ್ಧ ತೆರೆದು ಬಳಸುವ ಅಭ್ಯಾಸವೂ ಇದಕ್ಕೆ ಕೇಡು: ರಭಸದ ನೀರು ಉಂಗುರದ ಒಂದೇ ಅಂಚನ್ನು ಕೊರೆಯುತ್ತದೆ. ಆದರೆ ಲಿವರಿನ ಬುಡದಲ್ಲಿ ಸೋರಿದರೆ ಎಸೆಯುವ ಅವಸರ ಬೇಡ. ಲಿವರ್ ತೆಗೆದರೆ ಹೆಚ್ಚಿನವುಗಳಲ್ಲಿ ಕೆಳಗೊಂದು ಸಣ್ಣ ನಟ್ ಕಾಣುತ್ತದೆ. ಅದನ್ನು ಚೂರು ಬಿಗಿ ಮಾಡಿದರೆ ಬಹುಪಾಲು ನಿಲ್ಲುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಒಳ್ಳೆಯ ನಲ್ಲಿಗಳು ಗುಜರಿ ಸೇರುತ್ತಿವೆ.

ಪಿಟಿಎಂಟಿ ನಲ್ಲಿಗೆ ತುಕ್ಕಿಲ್ಲ, ಗೊಬ್ಬರದ ನೀರಿಗೆ ಹೆದರುವುದಿಲ್ಲ, ಬೆಲೆ ಹಿತ್ತಾಳೆಯ ಅರ್ಧಕ್ಕೂ ಕಡಿಮೆ. ಕಾಂಪೌಂಡಿನ ಹೊರಗೆ, ಖಾಲಿ ಸೈಟಿನಲ್ಲಿ ಹಿತ್ತಾಳೆ ಹಾಕಿದರೆ ಕಳ್ಳರಿಗೆ ಕೊಟ್ಟಂತೆಯೇ, ಅಲ್ಲಿಗೆ ಇದೇ ಸರಿ. ಇದರ ಶತ್ರು ಪೈಪ್ ರೆಂಚ್. ಕೈಯಲ್ಲಿ ಬಿಗಿಯಾಗುವಷ್ಟು ತಿರುಗಿಸಿ, ಮೇಲೆ ಅರ್ಧ ಸುತ್ತು, ಅಷ್ಟೇ ಸಾಕು. ಹೆಚ್ಚಾದರೆ ಕತ್ತು ಮುರಿದು ಥ್ರೆಡ್ ಎಲ್ಬೋದೊಳಗೇ ಉಳಿಯುತ್ತದೆ. ಆಗ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ, ಎಲ್ಬೋದ ಥ್ರೆಡ್ಡಿಗೆ ತಾಗದಂತೆ ಎರಡು ಸೀಳು ಹಾಕಿ ಚೂರನ್ನು ಒಳಕ್ಕೆ ಮಡಚಿ ತೆಗೆಯಬೇಕು. ಉದ್ದದ ಹೋಸ್ ಹಾಕಿ ದಿನವೂ ಎಳೆದಾಡುವ ಕಡೆ ಇದನ್ನು ನಾವು ಹಾಕಿ ಎನ್ನುವುದಿಲ್ಲ.

ಕ್ವಾರ್ಟರ್ ಟರ್ನ್ ನಲ್ಲಿಯೊಳಗೆ ಒಂದರ ಮೇಲೊಂದು ಸರಿಯುವ ಎರಡು ಸೆರಾಮಿಕ್ ಬಿಲ್ಲೆಗಳಿರುತ್ತವೆ. ಮರಳಿನ ಒಂದು ಕಾಳು ನಡುವೆ ಸಿಕ್ಕರೂ ಬಿಲ್ಲೆಗೆ ಪೆಟ್ಟು. ತೋಟಕ್ಕೆ ಬೇಡ.

ಯಾವ ನಲ್ಲಿ ತಂದರೂ ಕೂರಿಸುವ ರೀತಿ ಸರಿಯಿಲ್ಲದಿದ್ದರೆ ಜಾಯಿಂಟು ಸೋರುತ್ತದೆ. ಹಳೆಯ ಟೇಪಿನ ನಾರನ್ನೆಲ್ಲ ತಂತಿ ಬ್ರಷ್‌ನಿಂದ ತೆಗೆಯಿರಿ. ಥ್ರೆಡ್ ತುದಿ ನಿಮ್ಮ ಕಡೆ ಇರುವಂತೆ ನಲ್ಲಿ ಹಿಡಿದು, ಮೊದಲ ಎಳೆ ಬಿಟ್ಟು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಟೇಪನ್ನು ಎಳೆದೆಳೆದು ಸುತ್ತಿ. ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಟೇಪು ಗುಪ್ಪೆಯಾಗಿ ಹೊರಬರುತ್ತದೆ. ಅಂಗಡಿಯ ತೆಳು ಟೇಪಾದರೆ ಹತ್ತರಿಂದ ಹದಿನೈದು ಸುತ್ತು ಬೇಕು. ನಾಲ್ಕೈದು ಸುತ್ತಿನಲ್ಲಿ ಮುಗಿಸುವುದರಿಂದಲೇ ಮುಕ್ಕಾಲು ಪಾಲು ಜಾಯಿಂಟುಗಳು ಜಿನುಗುವುದು. ಬಿಗಿ ಮಾಡುವಾಗ ಬಾಯಿ ನೇರ ಕೆಳಗೆ ಬರುವ ಜಾಗ ದಾಟಿಹೋದರೆ ಹಿಂದಕ್ಕೆ ತಿರುಗಿಸಬೇಡಿ, ಟೇಪು ಹರಿದು ದಾರಿ ಮಾಡಿಕೊಡುತ್ತದೆ. ಪೂರ್ತಿ ಬಿಚ್ಚಿ ಹೊಸದಾಗಿ ಸುತ್ತಿ. ಜಿನುಗುವ ಥ್ರೆಡ್ಡಿನ ಮೇಲೆ ಎಂ-ಸೀಲ್ ಮೆತ್ತುವುದು ಕೆಲವು ವಾರದ ಉಪಾಯ ಮಾತ್ರ. ಮುಂದೆ ಬಿಚ್ಚುವವರಿಗೂ ಕಷ್ಟ.

ಹಿತ್ತಾಳೆ ನಲ್ಲಿಯನ್ನು ಬರೀ ಪ್ಲಾಸ್ಟಿಕ್ ಥ್ರೆಡ್ಡಿನ ಎಲ್ಬೋಗೆ ಹಾಕಿದರೆ ಎಲ್ಬೋ ಸೀಳುತ್ತದೆ. ಒಳಗೆ ಹಿತ್ತಾಳೆ ಕೂರಿಸಿರುವ ಬ್ರಾಸ್ ಎಲ್ಬೋ ಕೇಳಿ ತನ್ನಿ. ನೆಲದಿಂದ ಮೇಲೆದ್ದು ನಿಂತ ಪೈಪಿಗೆ ನಲ್ಲಿ ಇದ್ದರೆ ಅದನ್ನು ಕಲ್ಲುಕಂಬಕ್ಕೋ ಕಾಂಕ್ರೀಟಿನಲ್ಲಿ ನಿಲ್ಲಿಸಿದ ಕಬ್ಬಿಣದ ಆಂಗಲ್ಲಿಗೋ ಎರಡು ಕಡೆ ಕ್ಲ್ಯಾಂಪ್ ಮಾಡಿ. ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು ಬಿಸಿಲಿಗೆ ಒಡ್ಡಿಕೊಂಡಿದ್ದರೆ ನೀರು ಬೆರೆಸಿ ಬಳಿಯುವ ಬಗೆಯ ಅಕ್ರಿಲಿಕ್ ಪೇಂಟ್ ಬಳಿಯಿರಿ.

ಇಷ್ಟೆಲ್ಲ ಮಾಡಿದ ಮೇಲೂ ಗೋಡೆ ಒದ್ದೆಯಾಗುತ್ತಲೇ ಇದ್ದರೆ ಇನ್ನೊಂದು ನಲ್ಲಿ ಕೊಳ್ಳಬೇಡಿ. ನಲ್ಲಿ ಬಿಚ್ಚಿ ಆ ಜಾಗಕ್ಕೆ ಅರ್ಧ ಇಂಚಿನ ಡಮ್ಮಿ ಪ್ಲಗ್ ಅನ್ನು ಟೇಪು ಸುತ್ತಿ ಬಿಗಿದು, ಲೈನಿನಲ್ಲಿ ನೀರು ಬಿಟ್ಟು ಎರಡು ಮೂರು ದಿನ ನೋಡಿ. ಗೋಡೆ ಒಣಗಿದರೆ ತೊಂದರೆ ನಲ್ಲಿಯದು ಅಥವಾ ಅದರ ಜಾಯಿಂಟಿನದು. ಪ್ಲಗ್ಗಿನ ಸುತ್ತ ಒಣಗಿದ್ದು ಗೋಡೆ ಮಾತ್ರ ತೇವವಾಗಿಯೇ ಇದ್ದರೆ ಸೋರುತ್ತಿರುವುದು ಒಳಗಿನ ಎಲ್ಬೋ ಅಥವಾ ಪೈಪು. ಪ್ಲಂಬರ್ ಬಂದಾಗ ಈ ಪರೀಕ್ಷೆಯ ಫಲ ಹೇಳಿ, ಪ್ಲಗ್ಗನ್ನು ತೆಗೆಯದೆ ತೋರಿಸಿ, ಎಲ್ಬೋ ಇರುವಷ್ಟೇ ಜಾಗ ಒಡೆಸಿ, ಹೊಸ ಜಾಯಿಂಟಿನಲ್ಲಿ ಒಂದು ರಾತ್ರಿ ನೀರು ನಿಂತ ಮೇಲೆಯೇ ಸಿಮೆಂಟು ಮುಚ್ಚಿಸಿ.