ಜೆ.ಸಿ. ರಸ್ತೆಯಲ್ಲಿ ಕಾರಿನ ಸೈಡ್ ಗ್ಲಾಸ್ ಹಾಕಿಸಿದ್ದು: ₹4,709ರ ಅಂದಾಜು, ₹2,384ರ ಬಿಲ್ಲು

ಕಳೆದ ನವೆಂಬರಿನಲ್ಲಿ, ಬಸವನಗುಡಿಯ ಕಡಲೆಕಾಯಿ ಪರಿಷೆ ಶುರುವಾಗುವ ಹಿಂದಿನ ವಾರ, ಗಾಂಧಿ ಬಜಾರಿನ ಅಡ್ಡರಸ್ತೆಯೊಂದರಲ್ಲಿ ನಿಲ್ಲಿಸಿದ್ದ ನಮ್ಮ ಕಾರಿನ ಮುಂದಿನ ಎಡಬಾಗಿಲ ಗಾಜನ್ನು ಯಾರೋ ಒಡೆದು, ಸೀಟಿನ ಮೇಲಿದ್ದ ಚೀಲವನ್ನು ಎತ್ತಿಕೊಂಡು ಹೋದರು. ಚೀಲದಲ್ಲಿ ಊಟದ ಡಬ್ಬಿ, ಛತ್ರಿ ಮತ್ತು ಮಗಳ ಎರಡು ನೋಟ್‌ಪುಸ್ತಕಗಳ ಹೊರತು ಬೇರೇನೂ ಇರಲಿಲ್ಲವಾದ್ದರಿಂದ ನಿಜವಾದ ನಷ್ಟವೆಂದರೆ ಗಾಜಿನದೇ. ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು, ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಂಡು, ಮಾರನೆಯ ದಿನ ಎರಡು ಕಡೆ ದರ ವಿಚಾರಿಸಿದೆ. ಒಂದು ಅಧಿಕೃತ ಸರ್ವಿಸ್ ಕೇಂದ್ರ, ಇನ್ನೊಂದು ವಾಹನಗಳ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯ ಒಂದು ಗಾಜಿನಂಗಡಿ. ಒಂದೇ ಗಾಜಿಗೆ ಎರಡು ಕಡೆ ಹೇಳಿದ ಮೊತ್ತದಲ್ಲಿ ಅರ್ಧಕ್ಕರ್ಧ ವ್ಯತ್ಯಾಸವಿತ್ತು. ಆ ವ್ಯತ್ಯಾಸ ಎಲ್ಲಿಂದ ಬಂತು, ಅದರಲ್ಲಿ ಯಾವುದು ನ್ಯಾಯವಾದದ್ದು ಎಂಬುದನ್ನು ಸಾಲು ಸಾಲಾಗಿ ಹಿಡಿದು ನೋಡಿದ್ದರಿಂದ, ಇದೇ ಕಷ್ಟದಲ್ಲಿರುವವರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ. ಎರಡೂ ಕಡೆ ನನಗೆ ಒಪ್ಪಿಗೆಯಾಗದ ಸಂಗತಿಗಳು ಇದ್ದುದರಿಂದ ಹೆಸರುಗಳನ್ನು ಹೇಳುತ್ತಿಲ್ಲ.

ಕಾರು 2016ರ ಮಾರುತಿ ವ್ಯಾಗನ್‌ಆರ್. ಸರ್ವಿಸ್ ಕೇಂದ್ರದವರು ಕೊಟ್ಟ ಅಂದಾಜು ಪಟ್ಟಿಯಲ್ಲಿ ಗಾಜಿಗೆ ₹1,690, ಹೊರಗಿನ ಬೀಡಿಂಗಿಗೆ, ಅಂದರೆ ಗಾಜಿನ ಬುಡಕ್ಕೆ ಒತ್ತಿಕೊಂಡಿರುವ ರಬ್ಬರ್ ಪಟ್ಟಿಗೆ ₹480, ಬಾಗಿಲ ಒಳಮೈ ಮುಚ್ಚುವ ಡೋರ್ ಪ್ಯಾಡಿನ ಕ್ಲಿಪ್ಪುಗಳಿಗೆ ₹120, ಕೂಲಿ ₹1,400, ಒಳಗಿನ ಗಾಜಿನ ಚೂರು ತೆಗೆದು ವ್ಯಾಕ್ಯೂಮ್ ಮಾಡುವುದಕ್ಕೆ ₹650, ಕೂಲಿ ಮತ್ತು ಸ್ವಚ್ಛತೆಯ ಮೇಲೆ ಶೇ 18ರ ಜಿಎಸ್‌ಟಿ ಸೇರಿ ಒಟ್ಟು ₹4,709 ಇತ್ತು. ಗಾಜು ಅವರ ಗೋದಾಮಿನಿಂದ ಬರಬೇಕಾದ್ದರಿಂದ ಕಾರನ್ನು ಎರಡು ದಿನ ಬಿಡಬೇಕಿತ್ತು. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಗಾಜಿಗೆ ₹1,250, ಕೂಡಿಸುವುದಕ್ಕೆ ₹450, ಒಂದೂವರೆ ಗಂಟೆಯ ಕೆಲಸ ಎಂದರು. ಬಿಲ್ಲು ಬೇಡವಾದರೆ ಅಷ್ಟಕ್ಕೇ ಮುಗಿಸುವುದಾಗಿಯೂ ಹೇಳಿದರು. ನಾನು ಬಿಲ್ಲು ಬೇಕೇ ಬೇಕೆಂದೆ. ತೆರಿಗೆ ಸೇರಿ ₹2,006 ಆಯಿತು. ನಾಲ್ಕು ದಿನಗಳ ನಂತರ ಆ ಬಿಲ್ಲು ಕೈಯಲ್ಲಿದ್ದುದೇ ನನ್ನನ್ನು ಕಾಪಾಡಿತು.

ಮೊದಲು ಗಾಜಿನ ಮಾತು. ಮುಂದಿನ ವಿಂಡ್‌ಶೀಲ್ಡ್ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರವಿಟ್ಟು ಒತ್ತಿದ ಲ್ಯಾಮಿನೇಟೆಡ್ ಗಾಜು. ಅದರಲ್ಲಿ ಸಣ್ಣ ಬಿರುಕು ಬಿಟ್ಟರೆ ರಾಳ ತುಂಬಿ ರಿಪೇರಿ ಮಾಡಬಹುದು. ಪಕ್ಕದ ಗಾಜು ಬಹುತೇಕ ಕಾರುಗಳಲ್ಲಿ ಟಫನ್ಡ್ ಗಾಜು. ಅದನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ತೂತು ಕೊರೆದು, 600 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಕಾಯಿಸಿ ಬಾಗಿಸಿದ ಮೇಲೆ ತಣ್ಣನೆಯ ಗಾಳಿಯನ್ನು ರಭಸವಾಗಿ ಹಾಯಿಸಿ ತಟ್ಟನೆ ಆರಿಸುತ್ತಾರೆ. ಹೊರಮೈ ಒತ್ತಿಕೊಂಡು, ಒಳಗಡೆ ಎಳೆತ ಉಳಿದುಕೊಳ್ಳುವುದರಿಂದ ಒಂದು ಕಡೆ ಒಡೆದರೆ ಇಡೀ ಗಾಜು ಕಲ್ಲುಸಕ್ಕರೆಯ ಹರಳಿನಂತೆ ಉದುರುತ್ತದೆ. ಹೀಗಾಗಿ ಸೈಡ್ ಗ್ಲಾಸಿಗೆ ರಿಪೇರಿಯೆಂಬುದು ಇಲ್ಲ, ಬದಲಾವಣೆಯೊಂದೇ ದಾರಿ. ಒಮ್ಮೆ ಟಫನ್ ಮಾಡಿದ ಗಾಜನ್ನು ಅಂಗಡಿಯಲ್ಲಿ ಅಳತೆಗೆ ಕತ್ತರಿಸಿಕೊಡುವುದೂ ಸಾಧ್ಯವಿಲ್ಲ. ಪ್ರತಿ ಮಾದರಿಯ ಪ್ರತಿ ಬಾಗಿಲಿಗೂ, ಎಡಕ್ಕೂ ಬಲಕ್ಕೂ, ಬೇರೆ ಬೇರೆ ಗಾಜು ಕಾರ್ಖಾನೆಯಿಂದಲೇ ಬರಬೇಕು.

ಬೆಲೆಯನ್ನು ಮುಖ್ಯವಾಗಿ ನಿರ್ಧರಿಸುವುದು ಇದೇ ಕಾರಣ. ರಸ್ತೆಯಲ್ಲಿ ಸಾಲುಗಟ್ಟಿ ಓಡಾಡುವ ವ್ಯಾಗನ್‌ಆರ್, ಸ್ವಿಫ್ಟ್, ಐ10 ಗಾಜುಗಳು ಜೆ.ಸಿ. ರಸ್ತೆಯ ಯಾವ ಅಂಗಡಿಯಲ್ಲಾದರೂ ಗೋಡೆಗೆ ಒರಗಿಸಿಟ್ಟಿರುತ್ತವೆ. 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿದ ಷೆವರ್ಲೆಯಂಥ ಕಾರಿನ ಮಾಲೀಕರಿಗೆ ಮೊದಲು ಎದುರಾಗುವ ಪ್ರಶ್ನೆ ಬೆಲೆಯದಲ್ಲ, ಗಾಜು ಸಿಗುತ್ತದೆಯೇ ಎಂಬುದು. ನಾನು ಅಂಗಡಿಯಲ್ಲಿ ಕುಳಿತಿದ್ದಾಗ ಷೆವರ್ಲೆ ಬೀಟ್ ಕಾರಿನ ಹಿಂಬಾಗಿಲ ಗಾಜು ಕೇಳಿಕೊಂಡು ಬಂದವರೊಬ್ಬರನ್ನು, ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹಳೆಯ ಕಾರಿನಿಂದ ಬಿಚ್ಚಿದ್ದು ಇದ್ದರೆ ನೋಡಿ ಎಂದು ಕಳಿಸಿದರು. ಹಳೆಯ ಗಾಜು ಹಾಕಿಸುವುದರಲ್ಲಿ ತಪ್ಪೇನಿಲ್ಲ, ಅಂಚಿನಲ್ಲಿ ಚಕ್ಕೆ ಎದ್ದಿರದಿದ್ದರೆ ಸಾಕು. ಟಫನ್ಡ್ ಗಾಜಿಗೆ ಅಂಚೇ ದುರ್ಬಲ ಜಾಗ.

ಅಂಗಡಿಯವರು ನನ್ನ ಮುಂದೆ ಎರಡು ಗಾಜು ತಂದಿಟ್ಟರು. ಒಂದರ ಮೂಲೆಯಲ್ಲಿ ತಯಾರಕರಾದ ಎಐಎಸ್‌ನ, ಅಂದರೆ ಅಸಾಹಿ ಇಂಡಿಯಾ ಗ್ಲಾಸ್‌ನ ಮುದ್ರೆ, ಐಎಸ್‌ಐ ಗುರುತು, ಐಎಸ್ 2553 ಎಂಬ ಮಾನಕದ ಸಂಖ್ಯೆ ಸ್ಪಷ್ಟವಾಗಿ ಕೊರೆದಿತ್ತು. ನಮ್ಮ ಕಾರಿನ ಉಳಿದ ಮೂರು ಬಾಗಿಲುಗಳಲ್ಲಿದ್ದುದೂ ಅದೇ ತಯಾರಕರ ಗಾಜು. ಹೊಸದರಲ್ಲಿ ಇರದಿದ್ದುದು ಕಾರು ಕಂಪನಿಯ ಲಾಂಛನ ಮಾತ್ರ. ಸರ್ವಿಸ್ ಕೇಂದ್ರದ ₹1,690ಕ್ಕೂ ಇಲ್ಲಿನ ₹1,250ಕ್ಕೂ ನಡುವಿನ ಅಂತರದ ಬಹುಪಾಲು ಆ ಲಾಂಛನದ್ದು ಮತ್ತು ಅದರ ಹಿಂದಿರುವ ಮಾರಾಟ ಜಾಲದ್ದು ಎಂದು ನನಗನ್ನಿಸುತ್ತದೆ. ಇನ್ನೊಂದು ಗಾಜಿಗೆ ₹800 ಹೇಳಿದರು. ಅದರಲ್ಲಿ ತಯಾರಕರ ಹೆಸರೇ ಇರಲಿಲ್ಲ, ಮೂಲೆಯ ಅಕ್ಷರಗಳು ಉಗುರಿನಲ್ಲಿ ಕೆರೆದರೆ ಏಳುವಂತಿದ್ದವು. ಎರಡನ್ನೂ ಬಿಳಿ ಕಾಗದದ ಮೇಲೆ ನಿಲ್ಲಿಸಿ ನೋಡಿದಾಗ ಮೊದಲನೆಯದಕ್ಕೆ ತೆಳು ಹಸಿರು ಛಾಯೆ, ಎರಡನೆಯದಕ್ಕೆ ಬರೀ ನೀರಿನ ಬಣ್ಣ. ಕಾರಿನ ಉಳಿದ ಗಾಜುಗಳು ಹಸಿರು ಛಾಯೆಯವಾಗಿರುವಾಗ ಒಂದು ಬಾಗಿಲು ಮಾತ್ರ ಬೆಳ್ಳಗಿದ್ದರೆ ಕಣ್ಣಿಗೆ ಹೊಡೆಯುವುದಷ್ಟೇ ಅಲ್ಲ, ಬಿಸಿಲಿನ ಶಾಖವೂ ಆ ಕಡೆಯಿಂದ ಹೆಚ್ಚು ಬರುತ್ತದೆ. ಕಡಿಮೆ ಬೆಲೆಯದನ್ನು ಕೊಳ್ಳಿರೆಂದು ಅಂಗಡಿಯವರು ಒತ್ತಾಯ ಮಾಡಲಿಲ್ಲ, ಎರಡರ ವ್ಯತ್ಯಾಸವನ್ನು ತಾವಾಗಿಯೇ ವಿವರಿಸಿದರು. ಇದು ಆ ಅಂಗಡಿಯ ಬಗ್ಗೆ ನಾನು ಮನಸಾರೆ ಹೇಳಬಹುದಾದ ಮೊದಲ ಒಳ್ಳೆಯ ಮಾತು.

₹600ಕ್ಕೆ ಗಾಜಿನ ಮೇಲೆ ಬಿಸಿಲು ತಡೆಯುವ ಫಿಲ್ಮ್ ಅಂಟಿಸಿಕೊಡಲೇ ಎಂದು ಕೇಳಿದ್ದಕ್ಕೆ ಬೇಡವೆಂದೆ. ಪಕ್ಕದ ಗಾಜಿನಲ್ಲಿ ಕನಿಷ್ಠ ಶೇ 50ರಷ್ಟು ಬೆಳಕು ಹಾಯಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ ಹೇಳುತ್ತದೆ. 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮುಗಳನ್ನು ನಿಷೇಧಿಸಿದಾಗ ಆಧಾರವಾಗಿದ್ದುದೂ ಇದೇ ನಿಯಮ. ಸಂಚಾರ ಪೊಲೀಸರ ದಂಡವನ್ನೂ ಗಾಜಿನ ಖರ್ಚಿಗೆ ಸೇರಿಸಿಕೊಳ್ಳುವ ಮನಸ್ಸು ನನಗಿರಲಿಲ್ಲ.

ಕೆಲಸ ಮಾಡಿದ ಹುಡುಗನ ಕೈ ಚುರುಕಾಗಿತ್ತು. ಡೋರ್ ಪ್ಯಾಡಿನ ಸ್ಕ್ರೂಗಳನ್ನು ಬಿಚ್ಚಿ, ಕ್ಲಿಪ್ಪುಗಳನ್ನು ಒಂದೊಂದಾಗಿ ಮೀಟಿ ತೆಗೆದ. ಒಳಗೆ ಬಾಗಿಲ ತಗಡಿಗೆ ಕಪ್ಪು ಗೋಂದಿನಿಂದ ಅಂಟಿಸಿದ ಪ್ಲಾಸ್ಟಿಕ್ ಹಾಳೆಯೊಂದಿರುತ್ತದೆ. ಗಾಜಿನ ಮೇಲೆ ಇಳಿದು ಬಾಗಿಲೊಳಗೆ ಬೀಳುವ ಮಳೆನೀರು ಕಾರಿನ ಒಳಕ್ಕೆ ಬರದಂತೆ ತಡೆಯುವುದು ಅದೇ. ಅನೇಕ ಕಡೆ ಅದನ್ನು ಹರಿದುಹಾಕಿ, ಹಾಗೆಯೇ ಪ್ಯಾಡ್ ಮುಚ್ಚಿಬಿಡುತ್ತಾರೆ. ಮುಂದಿನ ಮಳೆಗಾಲದಲ್ಲಿ ಕಾಲಡಿಯ ಕಾರ್ಪೆಟ್ ಒದ್ದೆಯಾದಾಗ ಕಾರಣ ಯಾರಿಗೂ ತಿಳಿಯುವುದಿಲ್ಲ. ಈ ಹುಡುಗ ಬ್ಲೇಡಿನಿಂದ ಗೋಂದನ್ನು ಎಳೆಎಳೆಯಾಗಿ ಬಿಡಿಸಿ, ಹಾಳೆಯನ್ನು ಇಡಿಯಾಗಿ ತೆಗೆದು ಕನ್ನಡಿಗೆ ನೇತುಹಾಕಿದ. ಆಮೇಲೆ ಪವರ್ ವಿಂಡೋ ಸ್ವಿಚ್ಚನ್ನು ತಟ್ಟಿ ತಟ್ಟಿ, ಗಾಜನ್ನು ಏರಿಸಿ ಇಳಿಸುವ ರೆಗ್ಯುಲೇಟರನ್ನು ಬೋಲ್ಟು ಕಾಣಿಸುವ ಕಿಂಡಿಯವರೆಗೆ ಏರಿಸಿ, ಹೊಸ ಗಾಜನ್ನು ಓರೆಯಾಗಿ ಇಳಿಸಿ, ಎರಡು ಬೋಲ್ಟುಗಳನ್ನು ಸಡಿಲವಾಗಿ ಹಾಕಿ, ಗಾಜು ರಬ್ಬರ್ ಚಾನೆಲ್ಲಿನಲ್ಲಿ ತಾನಾಗಿ ಕೂತ ಮೇಲೆ ಬಿಗಿ ಮಾಡಿದ. ಅಷ್ಟರಲ್ಲಿ ಮಾಲೀಕರು, ಒಡೆದ ಚೂರು ಒಳಗಿರುವಾಗ ಸ್ವಿಚ್ ಒತ್ತಿದ್ದಿರೇನು ಎಂದು ಕೇಳಿದರು. ಒತ್ತಿರಲಿಲ್ಲ. ಒತ್ತಿದ್ದರೆ ಚೂರು ಸಿಕ್ಕಿಕೊಂಡು ರೆಗ್ಯುಲೇಟರಿನ ಕೇಬಲ್ ಹರಿಯುವ ಸಾಧ್ಯತೆ ಇತ್ತು. ಆಗ ಗಾಜಿಗಿಂತ ದೊಡ್ಡ ಖರ್ಚು ಎದುರಾಗುತ್ತಿತ್ತು.

ಇಲ್ಲಿಯವರೆಗೆ ಎಲ್ಲವೂ ಸರಿ. ಎಡವಿದ್ದು ಸ್ವಚ್ಛ ಮಾಡುವುದರಲ್ಲಿ. ಸೀಟು ಮತ್ತು ನೆಲದ ಮೇಲಿನ ಚೂರುಗಳನ್ನು ವ್ಯಾಕ್ಯೂಮ್ ಮಾಡಿದರು, ಆದರೆ ಬಾಗಿಲ ತಳದಲ್ಲಿ ಕೂತಿದ್ದವನ್ನು ಮೇಲೆ ಮೇಲೆ ಮಾತ್ರ ತೆಗೆದು ಪ್ಯಾಡ್ ಮುಚ್ಚಿದರು. ಹೊರಗಿನ ಬೀಡಿಂಗ್ ಹಳೆಯದೇ ಸಾಕು, ಚೆನ್ನಾಗಿಯೇ ಇದೆ ಎಂದರು. ದುಡ್ಡು ಉಳಿಯಿತೆಂದು ನಾನೂ ಒಪ್ಪಿದೆ. ಎರಡನೆಯ ದಿನದಿಂದ ಬಾಗಿಲು ಹಾಕಿದಾಗಲೆಲ್ಲ ಒಳಗೆ ಹರಳು ಉರುಳುವ ಸದ್ದು ಕೇಳತೊಡಗಿತು. ನಾಲ್ಕನೆಯ ದಿನ ಬೆಳಗಿನ ಬಿಸಿಲಿನಲ್ಲಿ ನೋಡಿದರೆ ಹೊಸ ಗಾಜಿನ ಮೇಲೆ ಕೆಳಗಿನಿಂದ ಗೇಣುದ್ದದ ಕೂದಲೆಳೆಯಂಥ ನೆಟ್ಟನೆಯ ಗೀರು. ಬೀಡಿಂಗಿನ ತುಟಿಯನ್ನು ಬೆರಳಿನಿಂದ ಮಡಿಸಿದಾಗ ರಬ್ಬರಿನೊಳಗೆ ಸಾಸಿವೆ ಕಾಳಿನಷ್ಟು ಗಾಜಿನ ಹರಳೊಂದು ಹುದುಗಿ ಕೂತಿತ್ತು. ಗಾಜು ಏರಿ ಇಳಿದಾಗಲೆಲ್ಲ ಅದು ಗೀರುತ್ತಲೇ ಇತ್ತು.

ಬಿಲ್ಲು ಹಿಡಿದು ಮತ್ತೆ ಹೋದೆ. ಮಾಲೀಕರು ವಾದ ಮಾಡಲಿಲ್ಲ. ಬಾಗಿಲನ್ನು ಮತ್ತೊಮ್ಮೆ ಬಿಚ್ಚಿಸಿ, ಕೆಳಗಿನ ನೀರು ಹರಿಯುವ ರಂಧ್ರಗಳವರೆಗೆ ವ್ಯಾಕ್ಯೂಮಿನ ಸಣ್ಣ ಕೊಳವೆ ಇಳಿಸಿ, ಒಂದು ಬೊಗಸೆಯಷ್ಟು ಹರಳು ಹೊರತೆಗೆಸಿದರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಹೊಸ ಬೀಡಿಂಗಿಗೆ ತೆರಿಗೆ ಸೇರಿ ₹378 ಕೊಟ್ಟೆ. ಗೀರು ಬಿದ್ದ ಗಾಜನ್ನು ಬದಲಿಸಿಕೊಡಿರೆಂದು ಕೇಳಿದ್ದಕ್ಕೆ ಮಾತ್ರ ಆಗುವುದಿಲ್ಲವೆಂದರು. ಇದು ನನಗೆ ಈಗಲೂ ಸರಿಯೆನಿಸುವುದಿಲ್ಲ. ಹಳೆಯ ಬೀಡಿಂಗ್ ಸಾಕೆಂದು ಸಲಹೆ ಕೊಟ್ಟವರು ಅವರೇ. ಆ ಸಲಹೆಯಿಂದಾದ ಹಾನಿಯಲ್ಲಿ ಅರ್ಧವನ್ನಾದರೂ ಅವರು ಹೊರಬೇಕಿತ್ತು. ಸರ್ವಿಸ್ ಕೇಂದ್ರದ ಪಟ್ಟಿಯಲ್ಲಿದ್ದ ₹480ರ ಬೀಡಿಂಗ್ ಮತ್ತು ₹650ರ ಸ್ವಚ್ಛತೆ ಮೊದಲು ನನಗೆ ಸುಮ್ಮನೆ ತುರುಕಿದ ಬಾಬತ್ತುಗಳಂತೆ ಕಂಡಿದ್ದವು. ಮೊತ್ತ ಹೆಚ್ಚಾಗಿತ್ತೆಂಬುದು ನಿಜ, ಆದರೆ ಎರಡೂ ಅಗತ್ಯವಾದ ಕೆಲಸಗಳೇ. ಅಲ್ಲಿ ನನಗೆ ಒಪ್ಪಿಗೆಯಾಗದ್ದು ₹1,400ರ ಕೂಲಿ; ಒಂದೂವರೆ ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ ಅಷ್ಟು ಯಾಕೆಂದು ಕೇಳಿದಾಗ ದರಪಟ್ಟಿ ಹಾಗಿದೆ ಎಂಬುದರ ಹೊರತು ಬೇರೆ ಉತ್ತರ ಬರಲಿಲ್ಲ.

ವಿಮೆ ಇತ್ತಲ್ಲ ಎಂದು ಹಲವರು ಕೇಳಿದರು. ಲೆಕ್ಕ ಹಾಕಿಯೇ ಬಿಟ್ಟೆ. ಸಮಗ್ರ ಪಾಲಿಸಿಯಲ್ಲಿ ಗಾಜಿಗೆ ಸವಕಳಿ ಕಳೆಯುವುದಿಲ್ಲ, ಆದರೆ ರಬ್ಬರ್ ಮತ್ತು ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಬೆಲೆಯನ್ನಷ್ಟೇ ಕೊಡುತ್ತಾರೆ. 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ನಾವೇ ಭರಿಸಬೇಕಾದ ಮೊತ್ತ ₹1,000. ಸರ್ವಿಸ್ ಕೇಂದ್ರದ ₹4,709ರಲ್ಲಿ ಇವನ್ನೆಲ್ಲ ಕಳೆದರೆ ನನಗೆ ಬರುತ್ತಿದ್ದುದು ಸುಮಾರು ₹3,400. ಆದರೆ ಕ್ಲೇಮ್ ಮಾಡಿದೊಡನೆ ಐದು ವರ್ಷ ಕಾಯ್ದು ಗಳಿಸಿದ್ದ ಶೇ 50ರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಮುಂದಿನ ನವೀಕರಣದಲ್ಲಿ ಸೊನ್ನೆಗೆ ಇಳಿಯುತ್ತದೆ. ನಮ್ಮ ಪಾಲಿಸಿಯಲ್ಲಿ ಸ್ವಂತ ಹಾನಿಯ ಪ್ರೀಮಿಯಂ ಬೋನಸ್ ಕಳೆಯುವ ಮೊದಲು ಸುಮಾರು ₹5,400 ಇರುವುದರಿಂದ ಮೊದಲ ವರ್ಷವೇ ₹2,700 ಹೆಚ್ಚು ಕಟ್ಟಬೇಕಾಗುತ್ತಿತ್ತು. ಎರಡನೆಯ ವರ್ಷ ಬೋನಸ್ ಶೇ 20ರಿಂದ ಮತ್ತೆ ಶುರುವಾಗುವುದರಿಂದ ಇನ್ನೂ ₹1,600ರಷ್ಟು. ಎರಡೇ ವರ್ಷದಲ್ಲಿ ವಿಮೆಯಿಂದ ಬಂದದ್ದಕ್ಕಿಂತ ಹೋದದ್ದೇ ಹೆಚ್ಚಾಗುತ್ತಿತ್ತು. ಬೋನಸ್ ರಕ್ಷಣೆಯ ಆಡ್-ಆನ್ ಇರುವವರಿಗೆ, ಅಥವಾ ಗಾಜಿಗೇ ಹತ್ತಾರು ಸಾವಿರ ಬೀಳುವ ದುಬಾರಿ ಕಾರಿನವರಿಗೆ, ಈ ಲೆಕ್ಕ ಬೇರೆಯಾಗುತ್ತದೆ. ಅಂಥ ಕೆಲವು ಕಾರುಗಳಲ್ಲಿ ಹೊರಗಿನ ಸದ್ದು ತಡೆಯಲೆಂದು ಪಕ್ಕದ ಬಾಗಿಲಿಗೂ ಲ್ಯಾಮಿನೇಟೆಡ್ ಗಾಜು ಹಾಕಿರುತ್ತಾರೆ.

ಆ ಅಂಗಡಿಗೆ ಮತ್ತೆ ಹೋಗುವಿರಾ ಎಂದರೆ, ಹೋಗುತ್ತೇನೆ. ಹೊಸ ಬೀಡಿಂಗಿನ ಬೆಲೆಯನ್ನು ಮೊದಲೇ ಮಾತಾಡಿ, ಬಾಗಿಲ ತಳವನ್ನು ಟಾರ್ಚ್ ಹಾಕಿ ನೋಡಿದ ಮೇಲೆಯೇ ಪ್ಯಾಡ್ ಮುಚ್ಚಿಸುತ್ತೇನೆ. ಜನವರಿಯಲ್ಲಿ ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರನ್ನು ಅಲ್ಲಿಗೇ ಕರೆದುಕೊಂಡು ಹೋದೆ. ಅವರ ಕಾರಿನಲ್ಲಿ ಒಡೆದಿದ್ದುದು ಹಿಂಬಾಗಿಲಿನ ಹಿಂದಿರುವ, ಅಂಗೈಯಗಲದ ತ್ರಿಕೋನ ಗಾಜು. ಅಷ್ಟು ಚಿಕ್ಕದಕ್ಕೆ ₹3,600 ಎಂದಾಗ ಅವರು ನಂಬಲಿಲ್ಲ. ಆ ಗಾಜು ಬಾಗಿಲಿನಂತೆ ಬೋಲ್ಟಿನಲ್ಲಿ ಕೂರುವುದಿಲ್ಲ. ಸುತ್ತಲಿನ ರಬ್ಬರ್ ಚೌಕಟ್ಟು ಗಾಜಿನೊಡನೆಯೇ ಅಚ್ಚಾಗಿ ಬರುತ್ತದೆ, ಅದನ್ನು ಕಾರಿನ ಮೈಗೆ ಯುರೆಥೇನ್ ಅಂಟಿನಿಂದ ಕೂರಿಸಬೇಕು, ಹಳೆಯ ಅಂಟನ್ನು ಬಣ್ಣ ಕೀಳದಂತೆ ಕೊಯ್ದು ತೆಗೆಯುವುದಕ್ಕೇ ಒಂದು ಗಂಟೆ ಹಿಡಿಯುತ್ತದೆ. ಮಧ್ಯಾಹ್ನವೇ ಕಾರು ಬೇಕೆಂದು ನಮ್ಮವರು ಅವಸರ ಮಾಡಿದರೂ ಮಾಲೀಕರು ಒಪ್ಪಲಿಲ್ಲ. ಅಂಟು ಹಿಡಿಯುವವರೆಗೆ, ಸಂಜೆ ಆರರವರೆಗೂ ಕಾರನ್ನು ಅಲ್ಲಿಯೇ ನಿಲ್ಲಿಸಿಕೊಂಡು, ಒಂದು ದಿನ ನೀರು ಹಾಕಿ ತೊಳೆಯಬೇಡಿರೆಂದು ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಟ್ಟು ಕಳಿಸಿದರು.