ಸಮಗ್ರ ವಚನ ಸಂಪುಟ: ಕಪಾಟಿಗಾದರೆ ಹದಿನೈದು, ಓದಿಗಾದರೆ ಮೂರು

ದಾವಣಗೆರೆ, ಚಿತ್ರದುರ್ಗದ ಕಡೆ ವಚನದ ಪುಸ್ತಕ ಇಲ್ಲದ ಮನೆ ಕಡಿಮೆ. ಗೃಹಪ್ರವೇಶಕ್ಕೆ ಹೋದರೆ ಎಲೆ ಅಡಿಕೆ ಜೊತೆ ಒಂದು, ಶಿವಗಣಾರಾಧನೆಗೆ ಹೋದರೆ ಇನ್ನೊಂದು, ತರಳಬಾಳು ಹುಣ್ಣಿಮೆಯ ಮಳಿಗೆ ಸಾಲಿನಲ್ಲಿ ಆಸೆಗೆ ಬಿದ್ದು ಮತ್ತೆರಡು. ಹರ್ಡೇಕರ ಮಂಜಪ್ಪನವರು 1913ರಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಶುರು ಮಾಡಿದ್ದೇ ದಾವಣಗೆರೆಯ ವಿರಕ್ತಮಠದಲ್ಲಿ. ಆ ಉತ್ಸಾಹ ಈಗಲೂ ಇದೆ, ಪುಸ್ತಕಗಳು ಮನೆಗೆ ಬರುತ್ತಲೇ ಇವೆ. ಓದು ಮಾತ್ರ ಹತ್ತನೇ ಪುಟಕ್ಕೆ ನಿಂತುಹೋಗುತ್ತದೆ. ಓದುವವರ ಭಕ್ತಿಗಿಂತ ಕೈಗೆ ಸಿಕ್ಕ ಪುಸ್ತಕದ ಮೇಲೆಯೇ ಇದರ ತಪ್ಪು ಹೆಚ್ಚು.

ಇಲ್ಲಿ ನೋಡುತ್ತಿರುವುದು ಕನ್ನಡ ಮತ್ತು ಸಂಸ್ಕೃತಿ ಇಲಾಖೆ 1993ರಲ್ಲಿ ಹೊರತಂದ, ಎಂ.ಎಂ. ಕಲಬುರ್ಗಿಯವರು ಪ್ರಧಾನ ಸಂಪಾದಕರಾಗಿದ್ದ ಹದಿನೈದು ಸಂಪುಟಗಳ ಸಮಗ್ರ ವಚನ ಸಂಪುಟ. ಆಮೇಲೆ ಮರುಮುದ್ರಣಗಳೂ ಬಂದಿವೆ. 1ನೆಯದು ಬಸವಣ್ಣ, 2 ಅಲ್ಲಮ, 3 ಚೆನ್ನಬಸವಣ್ಣ, 4 ಸಿದ್ಧರಾಮ, 5 ಶಿವಶರಣೆಯರು. 6ರಿಂದ 14ರವರೆಗೆ ಸಂಕೀರ್ಣ, ಅಂದರೆ ಉಳಿದ ಶರಣರೆಲ್ಲ. ಕೊನೆಯ 15ನೆಯದು ವಚನ ಪರಿಭಾಷಾ ಕೋಶ, ಅಂದರೆ ವಚನಗಳಲ್ಲಿ ವಿಶೇಷ ಅರ್ಥದಲ್ಲಿ ಬರುವ ಪದಗಳ ನಿಘಂಟು.

ದುಡ್ಡಿದೆ ಎಂದು ಹದಿನೈದನ್ನೂ ಒಟ್ಟಿಗೆ ತರಬೇಡಿ. ಬಿಡಿಯಾಗಿ ಸಿಕ್ಕರೆ 1, 5 ಮತ್ತು 15 ಸಾಕು. ಬಿಡಿ ಸಿಗದಿದ್ದರೆ ಸೆಟ್ಟೇ ತನ್ನಿ, ಆದರೆ ಮೇಜಿನ ಮೇಲೆ ಈ ಮೂರು ಮಾತ್ರ ಇರಲಿ.

ಹೆಚ್ಚಿನವರು ಎಡವುವುದು ಮೊದಲ ಸಂಪುಟದ ಮೊದಲ ಪುಟದಲ್ಲೇ. ಬಸವಣ್ಣನವರ ವಚನಗಳೆಂದರೆ ಶಾಲೆಯಲ್ಲಿ ಕಲಿತ, ಸಲೀಸಾಗಿ ಬಾಯಿಗೆ ಬರುವ ಸಾಲುಗಳು ನೆನಪಾಗುತ್ತವೆ. ಸಂಪುಟ ತೆರೆದರೆ ಮೊದಲಿಗೇ ನೀರೊಳಗೆ ‘ಬಯ್ಚಿಟ್ಟ’ ಕಿಚ್ಚು, ಸಸಿಯೊಳಗಿನ ರಸ, ‘ನನೆ’ಯೊಳಗಿನ ಪರಿಮಳ ಎದುರಾಗುತ್ತವೆ. ಬಯ್ಚಿಡು ಅಂದರೆ ಬಚ್ಚಿಡು, ನನೆ ಅಂದರೆ ಮೊಗ್ಗು. ಇಷ್ಟು ಗೊತ್ತಾದರೆ ವಚನ ತಾನಾಗಿ ತೆರೆದುಕೊಳ್ಳುತ್ತದೆ: ಒಳಗಿದೆ, ಕಾಣುತ್ತಿಲ್ಲ. ಗೊತ್ತಾಗದಿದ್ದರೆ ‘ನನೆ’ಯನ್ನು ‘ನೆನೆ’ ಎಂದು ಓದಿಕೊಂಡು, ಏನೋ ಗಹನವಾದದ್ದು ಎಂದು ಕೈಮುಗಿದು ಮುಚ್ಚಿಡುತ್ತೇವೆ.

ಈ ವಚನ ಮೊದಲಿಗೆ ಬರಲು ಕಾರಣವಿದೆ. ಇಲ್ಲಿನ ವಚನಗಳು ಷಟ್‌ಸ್ಥಲದ, ಅಂದರೆ ಸಾಧನೆಯ ಆರು ಹಂತಗಳ ಕಟ್ಟಿನಲ್ಲಿವೆ: ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಭಕ್ತಸ್ಥಲದ ಆರಂಭದಲ್ಲೇ ಪಿಂಡಸ್ಥಲ, ಪಿಂಡಜ್ಞಾನಸ್ಥಲ, ಸಂಸಾರಹೇಯಸ್ಥಲ ಎಂಬ ಒಳವಿಭಾಗಗಳು. ಇದು ಸಾಧನೆಯ ಮೆಟ್ಟಿಲುಗಳ ಕ್ರಮ. ಸುಲಭದಿಂದ ಕಠಿಣಕ್ಕೆ ಹೋಗುವ ಪಾಠಪುಸ್ತಕದ ಕ್ರಮ ಎಂದುಕೊಂಡು ಹೊರಟವರು ಸೋಲುತ್ತಾರೆ. ಹಾಗಾಗಿ ಮೊದಲ ಸಲ 5ನೇ ಸಂಪುಟದಿಂದ ಹೊರಡಿ, ಅದರಲ್ಲೂ ಆಯ್ದಕ್ಕಿ ಲಕ್ಕಮ್ಮನಿಂದ. ಗಂಡ ಮಾರಯ್ಯ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ಆಸೆಯ ಅಕ್ಕಿ, ವಾಪಸ್ಸು ಸುರಿದು ಬಾ ಎನ್ನುವ ಹೆಂಗಸಿನ ಮಾತಿಗೆ ವ್ಯಾಖ್ಯಾನ ಬೇಕಿಲ್ಲ. ಅಕ್ಕಮಹಾದೇವಿಯವರ ವಚನಗಳೂ ಇದೇ ಸಂಪುಟದಲ್ಲಿವೆ. ಅಕ್ಕನಿಗೇ ಬೇರೆ ಸಂಪುಟ ಇರುತ್ತದೆಂದು ಹುಡುಕಿ ಸುಸ್ತಾಗಬೇಡಿ.

2ನೆಯದನ್ನು ಸದ್ಯ ಬಿಡಿ. ಅಲ್ಲಮರ ಬೆಡಗಿನ ವಚನಗಳು ಒಗಟಿನ ಭಾಷೆಯವು. ಕಪ್ಪೆ, ಸರ್ಪ, ಕೋಡಗ ಎಲ್ಲ ಬರುತ್ತವೆ, ಪ್ರತಿಯೊಂದರ ಹಿಂದೆ ಸಂಕೇತ ಇರುತ್ತದೆ. ವಚನಗಳನ್ನು ಶರಣರ ಸಂಭಾಷಣೆಯಾಗಿ ಜೋಡಿಸಿದ ‘ಶೂನ್ಯ ಸಂಪಾದನೆ’ ಗ್ರಂಥದ ಪರಿಚಯವಾದ ಮೇಲೆ ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದ ಮಾತು ಎಂಬ ಒಂದು ಎಳೆ ಸಿಗುತ್ತದೆ. ಆಮೇಲೆ ಬನ್ನಿ.

ಈ ಸೆಟ್ಟಿನಲ್ಲಿ ತೀರ ಕಡಿಮೆ ತೆರೆಯಲ್ಪಡುವ, ಅತಿ ಹೆಚ್ಚು ಬೇಕಾಗುವ ಪುಸ್ತಕ 15ನೆಯದು. ಅರ್ಥ ಗೊತ್ತು ಎಂದುಕೊಂಡ ಪದಗಳೇ ದಾರಿ ತಪ್ಪಿಸುತ್ತವೆ. ‘ಪ್ರಸಾದ’ ಎಂದರೆ ಗುಡಿಯಲ್ಲಿ ಕೊಡುವ ಕೋಸಂಬರಿ ನೆನಪಾಗುತ್ತದೆ. ವಚನದಲ್ಲಿ ಅದು ಅಷ್ಟಾವರಣದಲ್ಲಿ (ಗುರು, ಲಿಂಗ, ಜಂಗಮ ಮೊದಲಾದ ಎಂಟರಲ್ಲಿ) ಒಂದು, ಲಿಂಗಕ್ಕೆ ಅರ್ಪಿಸಿ ಸ್ವೀಕರಿಸಿದ್ದು. ‘ಪ್ರಸಾದಿ’ ಎನ್ನುವುದು ಒಂದು ಸ್ಥಲದ ಹೆಸರು. ‘ಸಂಸಾರ’ವನ್ನು ಹೆಂಡತಿ ಮಕ್ಕಳು ಎಂದು ಓದಿದರೆ, ಮನೆಯಲ್ಲಿದ್ದೇ ಸಾಧನೆ ಮಾಡಿದ ಶರಣರು ಮನೆ ಬಿಡಿ ಅನ್ನುತ್ತಿದ್ದಾರೆ ಎಂದಾಗುತ್ತದೆ. ‘ಭವಿ’, ‘ಜಂಗಮ’, ‘ಆಚಾರ’ಗಳದೂ ಇದೇ ಕಥೆ. ಬಾಗಿಲಲ್ಲಿ ಬಂದು ನಿಂತ ಜಂಗಮಯ್ಯನವರನ್ನು ಮಾತ್ರ ನೆನೆದು ಓದಿದರೆ ‘ಜಂಗಮ’ ಪದದ ಮುಕ್ಕಾಲು ಪಾಲು ಅರ್ಥ ಉದುರಿಹೋಗುತ್ತದೆ. ದಿನಕ್ಕೆ ಗೊತ್ತಿರುವ ಎರಡು ಪದಗಳನ್ನೇ ಕೋಶದಲ್ಲಿ ನೋಡಿ. ಗೊತ್ತಿಲ್ಲದ್ದನ್ನು ಹೇಗಿದ್ದರೂ ನೋಡುತ್ತೀರಿ.

ಎಷ್ಟು ಓದಬೇಕು? ಬಸವಣ್ಣನವರ ವಚನಗಳು ಹೆಚ್ಚುಕಡಿಮೆ 1,400. ದಿನಕ್ಕೆ ಒಂದಾದರೆ ನಾಲ್ಕು ವರ್ಷಕ್ಕೆ ಸ್ವಲ್ಪ ಕಡಿಮೆ, ಐದಾದರೆ ಒಂಬತ್ತು ತಿಂಗಳ ಮೇಲೆ. ಐದು ಹೆಚ್ಚಾಯಿತು, ಮೂರನೆಯದಕ್ಕೆ ಮೊದಲನೆಯದು ಮರೆತಿರುತ್ತದೆ. ಒಂದನ್ನು ಮೂರು ಸಲ ಗಟ್ಟಿಯಾಗಿ ಓದಿ: ಮೊದಲು ಸಾಲು ಕಂಡಂತೆ, ಎರಡನೇ ಸಲ ಅರ್ಥ ನಿಲ್ಲುವ ಕಡೆ ನಿಲ್ಲಿಸಿ, ಮೂರನೇ ಸಲ ಪುಸ್ತಕ ನೋಡದೆ ಎಷ್ಟು ಬರುತ್ತದೋ ಅಷ್ಟು. ತಾಳೆಗರಿಯಲ್ಲಿ ವಚನವನ್ನು ಸಾಲು ಮುರಿಯದೆ ಉದ್ದಕ್ಕೆ ಬರೆದಿರುತ್ತಿದ್ದರು. ನಾವು ಕಾಣುವ ಸಾಲುಗಳು ಸಂಪಾದಕರು ಮುರಿದವು. ಒಂದು ಪುಸ್ತಕಕ್ಕೂ ಇನ್ನೊಂದಕ್ಕೂ ಸಾಲು ಬೇರೆಯಾಗಿದ್ದರೆ ಗಾಬರಿ ಬೇಡ, ನಿಮ್ಮ ಉಸಿರು ನಿಂತ ಕಡೆಯೂ ನಿಲ್ಲಿಸಬಹುದು.

ಇನ್ನು ಪುಕ್ಕಟೆ ಬರುವ ಪುಸ್ತಕಗಳು. ಹಿರಿಯರ ಸ್ಮರಣೆಗೆಂದು ಮುದ್ರಿಸಿ ಹಂಚುವುದು ಒಳ್ಳೆಯ ದಾಸೋಹ, ಬೇಡ ಅನ್ನುವವರು ಯಾರು. ಆದರೆ ಮೊದಲ ನಾಲ್ಕು ಪುಟ ಫೋಟೋ, ಮುಂದಿನ ನಾಲ್ಕು ಶುಭಾಶಯ, ಅಲ್ಲಿಂದ ಮುಂದೆ ಕರಡು ತಿದ್ದದ ವಚನಗಳು. ಕಂಪ್ಯೂಟರಿನಲ್ಲಿ ‘ನುಡಿ’ ತಂತ್ರಾಂಶದ ಅಕ್ಷರಗಳನ್ನು ಯುನಿಕೋಡ್‌ಗೆ ಬದಲಿಸುವಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿದಿರುತ್ತದೆ, ಲ ಳ ಅದಲು ಬದಲು, ಮಹಾಪ್ರಾಣ ಮಾಯ. ವಾಟ್ಸ್ಯಾಪ್ ವಚನಗಳ ಪಾಡಂತೂ ಕೇಳಲೇಬೇಡಿ: ಯಾರೋ ಬರೆದ ಸುಭಾಷಿತಕ್ಕೆ ಕೊನೆಯಲ್ಲಿ ಒಂದು ಅಂಕಿತ, ಅಂದರೆ ವಚನಕಾರರು ತಮ್ಮ ಗುರುತಿಗೆ ಹಾಕುವ ದೇವರ ಹೆಸರು, ಅಂಟಿಸಿದರೆ ಮುಗಿಯಿತು.

ಹಾಗಾಗಿ ಅಂಕಿತ ನೋಡುವ ಅಭ್ಯಾಸ ಮಾಡಿಕೊಳ್ಳಿ. ಬಸವಣ್ಣ ಕೂಡಲಸಂಗಮದೇವ, ಚೆನ್ನಬಸವಣ್ಣ ಕೂಡಲಚೆನ್ನಸಂಗಮದೇವ. ನಡುವಿನ ‘ಚೆನ್ನ’ ಕಣ್ಣಿಗೆ ಬೀಳದೆ ಒಬ್ಬರದು ಇನ್ನೊಬ್ಬರ ಹೆಸರಿಗೆ ಹೋಗುವುದು ತೀರ ಸಾಮಾನ್ಯ. ಸಿದ್ಧರಾಮರದು ಕಪಿಲಸಿದ್ಧಮಲ್ಲಿಕಾರ್ಜುನ, ಅಕ್ಕನದು ಚೆನ್ನಮಲ್ಲಿಕಾರ್ಜುನ. ಬಸವಣ್ಣನವರ ವಚನದ ಕೊನೆಗೆ ‘ಲಿಂಗದೇವ’ ಕಂಡರೆ ಅದು ಅಂಕಿತ ಬದಲಿಸಿದ ಪಾಠ. ಅಂಥ ಒಂದು ಪುಸ್ತಕವನ್ನು ರಾಜ್ಯ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು, 2017ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು.

ಅನುಮಾನ ಬಂದ ವಚನವನ್ನು ಸಂಪುಟದ ಹಿಂದಿನ ಅಕಾರಾದಿಯಲ್ಲಿ ಮೊದಲ ಸಾಲು ಹಿಡಿದು ನೋಡಿ. ಮೊದಲ ಸಾಲು ಗೊತ್ತಿಲ್ಲದಿದ್ದರೆ ಸಿರಿಗೆರೆಯ ತರಳಬಾಳು ಮಠದವರು ತಂದಿರುವ ವಚನ ಸಂಪುಟದ ಆ್ಯಪ್‌ನಲ್ಲಿ ನಡುವಿನ ಒಂದು ಪದ ಕೊಟ್ಟು ಹುಡುಕಿ. ಕಾಗುಣಿತ ಬದಲಾದರೆ ಕೈತಪ್ಪುತ್ತದೆ, ‘ಬಯ್ಚಿಟ್ಟ’ ಸಿಗದಿದ್ದರೆ ‘ಬೈಚಿಟ್ಟ’ ಹಾಕಿ. ಹುಡುಕುವುದಕ್ಕೆ ಆ್ಯಪ್ ಬಲು ಚೆನ್ನ. ದಿನದ ಓದಿಗೆ ಮಾತ್ರ ಪುಸ್ತಕವೇ ಇರಲಿ. ಮೊಬೈಲ್‌ನಲ್ಲಿ ಒಂದು ವಚನ ಮುಗಿಯುವಷ್ಟರಲ್ಲಿ ಮೂರು ಮೆಸೇಜು ಬಂದಿರುತ್ತವೆ.

ದಪ್ಪ ಸಂಪುಟಗಳನ್ನು ಕೊಳ್ಳುವಾಗ ಬೆನ್ನು ನೋಡಿ. ಹೊಲಿಗೆ ಹಾಕಿದ್ದರೆ ಮೇಜಿನ ಮೇಲೆ ಅಗಲವಾಗಿ ತೆರೆದುಕೊಳ್ಳುತ್ತದೆ, ಬರೀ ಅಂಟಿನದಾದರೆ ನಮ್ಮೂರಿನ ಎರಡು ಬೇಸಿಗೆಗೆ ಹಾಳೆ ಕಳಚುತ್ತದೆ. ಹಳೆಯ ಪ್ರತಿಯಾದರೆ ಪುಟಸಂಖ್ಯೆಯನ್ನು ಹದಿನಾರರ ಲೆಕ್ಕದಲ್ಲಿ ತಿರುವಿ ನೋಡಿ: 16, 32, 48. ಬೈಂಡಿಂಗ್‌ನಲ್ಲಿ ಸಾಮಾನ್ಯವಾಗಿ ಹದಿನಾರು ಪುಟದ ಫಾರ್ಮೇ ಪೂರ್ತಿ ಬಿಟ್ಟುಹೋಗುವುದು ಅಥವಾ ಎರಡು ಸಲ ಬರುವುದು. ಅಕಾರಾದಿ ಇರುವ ಕೊನೆಯ ಫಾರ್ಮನ್ನು ತಪ್ಪದೆ ನೋಡಿ, ಅದು ಇಲ್ಲದಿದ್ದರೆ ಕಾಲು ಬೆಲೆಗೂ ಬೇಡ. ಮಂಡಕ್ಕಿ ಮೆಣಸಿನಕಾಯಿ ತಿಂದ ಕೈಯನ್ನು ಮಾತ್ರ ತೊಳೆದುಕೊಂಡು ಅಂಗಡಿಗೆ ಹೋಗಿ.