ಪಿಕ್ಸೆಲ್ ಚಿತ್ರಕ್ಕೆ ಪಿಸ್ಕೆಲ್ ಕೀಗಳೋ, ಏಸ್‌ಪ್ರೈಟ್ ಕೀಗಳೋ?

ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳದ ಗರುಡನನ್ನು 32×32 ಚೌಕಗಳೊಳಗೆ ಕೂರಿಸಬೇಕೆಂಬ ಹಂಬಲದಿಂದ ನಾನು ಪುಟ್ಟ ಬಣ್ಣದ ಚೌಕಗಳಿಂದ ಮೂಡುವ ಪಿಕ್ಸೆಲ್ ಚಿತ್ರಕ್ಕೆ ಕೈ ಹಾಕಿದೆ. ಅಷ್ಟು ಚಿಕ್ಕ ಚಿತ್ರದಲ್ಲಿ ಪೆನ್, ರಬ್ಬರ್ ಮತ್ತು ಬಣ್ಣ ಆರಿಸುವ ಸಾಧನಗಳ ನಡುವೆ ಮತ್ತೆ ಮತ್ತೆ ಓಡಾಡಬೇಕಾಗುತ್ತದೆ. ಪ್ರತಿ ಸಲವೂ ಮೌಸನ್ನು ಪರದೆಯ ಅಂಚಿಗೆ ಒಯ್ದರೆ ಕಣ್ಣು ನೆಟ್ಟಿದ್ದ ಚೌಕವೇ ತಪ್ಪಿಹೋಗುತ್ತದೆ. ಆದ್ದರಿಂದ ಶಾರ್ಟ್‌ಕಟ್ ಕೀಗಳನ್ನು ಕಲಿಯಲು ನಿರ್ಧರಿಸಿ, ಪಿಕ್ಸೆಲ್ ಚಿತ್ರ ಬಿಡಿಸುವ ಎರಡು ತಂತ್ರಾಂಶಗಳಾದ ಪಿಸ್ಕೆಲ್‌ನಲ್ಲಿ ಒಂದು ತಿಂಗಳು, ಏಸ್‌ಪ್ರೈಟ್‌ನಲ್ಲಿ ಮತ್ತೊಂದು ತಿಂಗಳು ಅದೇ ಗರುಡನನ್ನು ಬಿಡಿಸಿ ನೋಡಿದೆ.

ಪಿಸ್ಕೆಲ್ ಬ್ರೌಸರ್‌ನಲ್ಲೇ ಉಚಿತವಾಗಿ ತೆರೆದುಕೊಳ್ಳುತ್ತದೆ. ಅದರ ಹಲವು ಕೀಗಳು ಸಾಧನದ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳೇ ಆಗಿವೆ: ಪೆನ್‌ಗೆ ಪಿ, ರಬ್ಬರ್‌ಗೆ (ಇರೇಸರ್) ಇ, ಆಯತಕ್ಕೆ ಆರ್, ವೃತ್ತಕ್ಕೆ ಸಿ. ನಾನು ಎರಡೇ ದಿನಗಳಲ್ಲಿ ಅವನ್ನು ಬಾಯಿಪಾಠ ಮಾಡಿಕೊಂಡೆ. ಆದರೆ ನೆನಪಿಗೆ ಸುಲಭವಾದದ್ದು ಕೈಗೆ ಸುಲಭವಾಗಲಿಲ್ಲ. ಬಣ್ಣ ಆರಿಸುವ ಓ ಮತ್ತು ಪೆನ್ನಿನ ಪಿ ಎರಡೂ ಕೀಬೋರ್ಡಿನ ಬಲತುದಿಯಲ್ಲಿರುವುದರಿಂದ, ಬಲಗೈ ಮೌಸಿನ ಮೇಲಿರುವಾಗ ಎಡಗೈ ಅಷ್ಟು ದೂರ ಚಾಚಬೇಕಾಗುತ್ತಿತ್ತು.

ಏಸ್‌ಪ್ರೈಟ್‌ಗೆ ಹಣ ಕೊಡಬೇಕು. ಪೆನ್ಸಿಲ್‌ಗೆ ಬಿ, ರಬ್ಬರ್‌ಗೆ ಇ, ಬಣ್ಣ ತುಂಬಲು ಜಿ, ಚೌಕಾಕಾರದ ಆಯ್ಕೆಗೆ ಎಂ ಎಂಬ ಅದರ ಕ್ರಮ ಫೋಟೋಶಾಪ್ ಬಳಸಿದವರಿಗೆ ಹೊಸದಲ್ಲ. ಕೊಪ್ಪಳದ ಡಿಟಿಪಿ ಅಂಗಡಿಯೊಂದರಲ್ಲಿ ನಾಲ್ಕು ವರ್ಷ ಫ್ಲೆಕ್ಸ್ ವಿನ್ಯಾಸ ಮಾಡಿದ ನನ್ನ ಬೆರಳುಗಳಿಗೆ ಅದು ಮೊದಲೇ ಗೊತ್ತಿತ್ತು. ನನ್ನನ್ನು ನಿಜವಾಗಿ ಗೆದ್ದದ್ದು ಆಲ್ಟ್ ಕೀ. ಗರುಡನ ರೆಕ್ಕೆಯ ಅಂಚಿನಲ್ಲಿ ಕೆಂಪು ಮತ್ತು ಹಳದಿ ಚೌಕಗಳು ಒಂದರ ಪಕ್ಕ ಒಂದು ಬರುತ್ತವೆ. ಪೆನ್ಸಿಲ್ ಹಿಡಿದಿರುವಾಗಲೇ ಹೆಬ್ಬೆರಳಿನಿಂದ ಆಲ್ಟ್ ಒತ್ತಿ ಹಿಡಿದು ಕೆಂಪಿನ ಮೇಲೆ ಕ್ಲಿಕ್ ಮಾಡಿದರೆ ಆ ಬಣ್ಣ ಬರುತ್ತದೆ. ಬೆರಳು ತೆಗೆದ ಕೂಡಲೇ ಪೆನ್ಸಿಲ್ ಮರಳುತ್ತದೆ. ಪಿಸ್ಕೆಲ್‌ನಲ್ಲಿ ನಾನು ಓ ಒತ್ತಿ, ಬಣ್ಣ ಆರಿಸಿ, ಮತ್ತೆ ಪಿ ಒತ್ತುತ್ತಿದ್ದೆ. ಅನಿಮೇಷನ್ ಮಾಡುವಾಗಲೂ ಎಡಬಲ ಬಾಣಗಳಿಂದ ಫ್ರೇಮ್ ಬದಲಿಸಿ, ಎಂಟರ್ ಒತ್ತಿ ಓಡಿಸಿ ನೋಡುವುದು ಬಹಳ ಹಿತವೆನಿಸಿತು.

ಎರಡನ್ನೂ ಒಟ್ಟಿಗೆ ಕಲಿಯುವುದು ಬೇಡವೆಂದು ನಾನು ಒತ್ತಿ ಹೇಳುತ್ತೇನೆ. ಪಿಸ್ಕೆಲ್‌ನಲ್ಲಿ ಬಿ ಎಂದರೆ ಬಣ್ಣ ತುಂಬುವ ಬಕೆಟ್. ಏಸ್‌ಪ್ರೈಟ್‌ನಿಂದ ಒಂದು ಸಂಜೆ ಅಲ್ಲಿಗೆ ಮರಳಿದ ನಾನು ಪೆನ್ಸಿಲ್ ಎಂದುಕೊಂಡು ಬಿ ಒತ್ತಿ ಹಿನ್ನೆಲೆಯ ಮೇಲೆ ಒಂದು ಚುಕ್ಕೆ ಇಟ್ಟೆ, ಹಿನ್ನೆಲೆಯೆಲ್ಲ ಕೆಂಪಾಯಿತು.

ಕಲಿಯುವ ವಿಧಾನದಲ್ಲೂ ಎರಡನ್ನು ಪರೀಕ್ಷಿಸಿದೆ. ಎಲ್ಲ ಕೀಗಳ ಪಟ್ಟಿಯನ್ನು ಮುದ್ರಿಸಿ ಗೋಡೆಗೆ ಅಂಟಿಸಿದಾಗ ಕಣ್ಣು ಪಟ್ಟಿಗೆ ಹೋಯಿತೇ ಹೊರತು ಬೆರಳು ಕಲಿಯಲಿಲ್ಲ. ದಿನಕ್ಕೆ ಮೂರೇ ಕೀಗಳನ್ನು ಆರಿಸಿಕೊಂಡು, ಆ ಮೂರು ಸಾಧನಗಳನ್ನು ಅಂದು ಮೌಸಿನಿಂದ ಮುಟ್ಟದೆ ಇದ್ದಾಗ ವಾರದೊಳಗೆ ಕೈ ಹಿಡಿತಕ್ಕೆ ಬಂತು.

ಎಂಟನೇ ತರಗತಿಯಲ್ಲಿ ಓದುವ ಅಕ್ಕನ ಮಗಳಿಗೆ ನಾನು ಪಿಸ್ಕೆಲ್ ಅನ್ನೇ ಕಲಿಸಿದೆ, ಏಕೆಂದರೆ ಅವಳಿಗೆ ಫೋಟೋಶಾಪಿನ ಹಳೆಯ ಅಭ್ಯಾಸವಿಲ್ಲ, ಖರ್ಚೂ ಇಲ್ಲ. ನನ್ನ ಗರುಡನ ಉಳಿದ ಫ್ರೇಮ್‌ಗಳು ಏಸ್‌ಪ್ರೈಟ್‌ನಲ್ಲೇ ಮುಂದುವರಿಯುತ್ತಿವೆ.